ಒಂದು ದಿನದ ರ್‍ಯಾಲಿ ಸಾಲದು, ಹದಿಮೂರು ಭಾನುವಾರಗಳು ಬೇಕು

ಹೊಸಬರ ಸೈಕಲ್ ಸವಾರಿ: ಸಂಘ-ಸಂಸ್ಥೆಗಳು ಚಿಂತಿಸಬೇಕಾದ ವಿಷಯ

ಥಾಣೆಯಿಂದ ಕಲ್ಯಾಣ್ ತನಕ, ವಾಶಿಯಿಂದ ಪನ್ವೇಲ್ ತನಕ ತುಳು-ಕನ್ನಡಿಗರ ಸಂಘ-ಸಂಸ್ಥೆಗಳಿಗೆ ಬರವಿಲ್ಲ. ಯಕ್ಷಗಾನ, ತಾಳಮದ್ದಳೆ, ಭಜನೆ, ಅರಸಿನ ಕುಂಕುಮ, ಪ್ರತಿಭಾ ಪುರಸ್ಕಾರ ಎಂದು ವರ್ಷಪೂರ್ತಿ ಒಂದಲ್ಲ ಒಂದು ಕಾರ್ಯಕ್ರಮ ನಡೆಯುತ್ತಲೇ ಇರುತ್ತದೆ. ಜತೆಗೆ ವರ್ಷಕ್ಕೊಮ್ಮೆ ಉಚಿತ ವೈದ್ಯಕೀಯ ತಪಾಸಣಾ ಶಿಬಿರ. ಬೆರಳಿಗೆ ಸೂಜಿ ಚುಚ್ಚಿ ಸಕ್ಕರೆ ಅಂಶ ನೋಡಲಾಗುತ್ತದೆ, ರಕ್ತದೊತ್ತಡ ಅಳೆಯಲಾಗುತ್ತದೆ. "ದಿನಾ ಸ್ವಲ್ಪ ವ್ಯಾಯಾಮ ಮಾಡಿ" ಎಂದು ವೈದ್ಯರು ಹೇಳುತ್ತಾರೆ. ಸದಸ್ಯರು ತಲೆಯಾಡಿಸಿ, ಉಪಾಹಾರ ಮುಗಿಸಿ ಮನೆಗೆ ಮರಳುತ್ತಾರೆ. ಮುಂದಿನ ವರ್ಷ ಅದೇ ಸಾಲಿನಲ್ಲಿ ಅವೇ ಮುಖಗಳು. ಕೆಲವು ಮುಖಗಳು ಮಾತ್ರ ಕಾಣಿಸುವುದಿಲ್ಲ. ಅವು ಅಷ್ಟರಲ್ಲಿ ನಿಧನ ವಾರ್ತೆಯ ಅಂಕಣ ಸೇರಿರುತ್ತವೆ. ಅರುವತ್ತು ದಾಟದವರ, ಕೆಲವೊಮ್ಮೆ ಐವತ್ತೂ ತುಂಬದವರ ಭಾವಚಿತ್ರಗಳ ಕೆಳಗೆ "ಹೃದಯಾಘಾತದಿಂದ" ಎಂಬ ಶಬ್ದ ಓದಿ ಓದಿ ಸಮುದಾಯಕ್ಕೆ ಅಭ್ಯಾಸವಾಗಿ ಹೋಗಿದೆ.

"ವ್ಯಾಯಾಮ ಮಾಡಿ" ಎಂದು ಹೇಳುವುದಕ್ಕೂ ಮಾಡಿಸುವುದಕ್ಕೂ ನಡುವೆ ಇರುವ ಅಂತರವನ್ನು ತುಂಬುವವರು ಯಾರು? ವೈದ್ಯರಿಗೆ ಅಷ್ಟು ಸಮಯವಿಲ್ಲ. ಮನೆಯವರ ಮಾತು ಮನೆಯಲ್ಲಿ ನಡೆಯುವುದಿಲ್ಲ. ಉಳಿದಿರುವುದು ಸಂಘವೊಂದೇ. ಅದಕ್ಕೆ ಇಂದು ಸುಲಭವಾಗಿ ಒದಗುವ ಸಾಧನ ಸೈಕಲ್. ಆದರೆ ಸಂಘಗಳು ಸೈಕಲನ್ನು ಬಳಸುತ್ತಿರುವ ರೀತಿ ಮಾತ್ರ ಸರಿಯಿಲ್ಲ.

ರ್‍ಯಾಲಿಯ ಮರುದಿನ ಏನಾಗುತ್ತದೆ?

ಇತ್ತೀಚಿನ ವರ್ಷಗಳಲ್ಲಿ ಅಲ್ಲಲ್ಲಿ ಸೈಕಲ್ ರ್‍ಯಾಲಿಗಳು ನಡೆಯುತ್ತಿವೆ. ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟ್, ಮುಂಭಾಗದಲ್ಲಿ ಬ್ಯಾನರ್, ಗಣ್ಯರಿಂದ ಹಸಿರು ನಿಶಾನೆ, ಕೊನೆಗೆ ಪದಕ. ಉದ್ದೇಶ ಒಳ್ಳೆಯದೇ. ಆದರೆ ವರ್ಷಪೂರ್ತಿ ಕುಳಿತೇ ಇದ್ದ 45ರ ಹರೆಯದ ಸದಸ್ಯರೊಬ್ಬರು ಹುಮ್ಮಸ್ಸಿನಲ್ಲಿ ಒಮ್ಮೆಲೇ 25 ಕಿ.ಮೀ. ತುಳಿದರೆ ಆಗುವುದೇನು? ಮೊದಲ ಹತ್ತು ಕಿ.ಮೀ. ಹುಡುಗರ ಸಮಕ್ಕೆ ಓಡಿಸುತ್ತಾರೆ, ಮುಂದಿನ ಹತ್ತು ಏದುಸಿರಿನಲ್ಲಿ, ಕೊನೆಯ ಐದು ಮಾನ ಉಳಿಸಿಕೊಳ್ಳಲಿಕ್ಕೆ. ಮರುದಿನ ಮಂಡಿ ಬಗ್ಗುವುದಿಲ್ಲ, ಕುಳಿತುಕೊಳ್ಳಲಾಗುವುದಿಲ್ಲ. ಪದಕ ಶೋಕೇಸಿಗೆ, ಸೈಕಲ್ ಕಟ್ಟಡದ ಪಾರ್ಕಿಂಗ್ ಮೂಲೆಗೆ. ಹೀಗೆ ಒಂದು ದಿನದ ರ್‍ಯಾಲಿ ಸೈಕಲ್ ಸವಾರರನ್ನು ತಯಾರು ಮಾಡುವ ಬದಲು "ಇದು ನಮ್ಮಿಂದಾಗುವ ಕೆಲಸವಲ್ಲ" ಎಂಬ ತೀರ್ಮಾನವನ್ನು ತಯಾರು ಮಾಡುತ್ತದೆ ಎಂದರೆ ತಪ್ಪಾಗಲಾರದು.

ದೇಹದ ಲೆಕ್ಕಾಚಾರ ಬೇರೆಯೇ ಇದೆ. ಉಸಿರಾಟ ಕೆಲವೇ ವಾರಗಳಲ್ಲಿ ಸುಧಾರಿಸುತ್ತದೆ. ಆದರೆ ಮಂಡಿಯ ಸ್ನಾಯುರಜ್ಜು, ಸೊಂಟ, ಕತ್ತು, ಅಂಗೈ ಇವೆಲ್ಲ ಒಗ್ಗಿಕೊಳ್ಳಲು ತಿಂಗಳುಗಳೇ ಬೇಕು. ಹೊಸಬರಿಗೆ ಪೆಟ್ಟಾಗುವುದು ಈ ನಡುವಿನ ಅವಧಿಯಲ್ಲೇ. ಉಸಿರು "ಇನ್ನೂ ಹೋಗಬಹುದು" ಎನ್ನುತ್ತದೆ, ಮಂಡಿ "ಬೇಡ" ಎನ್ನುತ್ತದೆ. ಮಂಡಿಯ ಮಾತು ಕೇಳದವರು ಮೂರನೇ ತಿಂಗಳಲ್ಲಿ ಸೈಕಲ್ ಬಿಡುತ್ತಾರೆ. ಪಿಗ್ಮಿ ಠೇವಣಿ ಕಟ್ಟುವ ಸಮುದಾಯಕ್ಕೆ ಇದನ್ನು ವಿವರಿಸಬೇಕಾಗಿಲ್ಲ. ಸಣ್ಣ ಮೊತ್ತ, ತಪ್ಪದ ಕಂತು, ತಾಳ್ಮೆ. ದೂರ ಬೆಳೆಯುವುದೂ ಹಾಗೆಯೇ.

ಗಲ್ಲಾದ ಮೇಲೆ ಕುಳಿತವರು

1953ರಲ್ಲಿ ಲಂಡನಿನ ಡಾ. ಜೆರ್ರಿ ಮಾರಿಸ್ ಮತ್ತು ಸಂಗಡಿಗರು ಅಲ್ಲಿನ ಬಸ್ ನೌಕರರ ಅಧ್ಯಯನವೊಂದನ್ನು ಪ್ರಕಟಿಸಿದರು. ಒಂದೇ ಬಸ್ಸಿನಲ್ಲಿ ಕುಳಿತು ಓಡಿಸುವ ಚಾಲಕರಿಗಿಂತ, ಡಬಲ್ ಡೆಕ್ಕರಿನ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರ್‌ಗಳಲ್ಲಿ ಹೃದ್ರೋಗ ಕಡಿಮೆ ಎಂಬುದು ಅದರ ಸಾರ. ದೈಹಿಕ ಚಟುವಟಿಕೆಗೂ ಹೃದಯಕ್ಕೂ ಇರುವ ನಂಟನ್ನು ತೋರಿಸಿದ ಮೊದಲ ದೊಡ್ಡ ಅಧ್ಯಯನಗಳಲ್ಲಿ ಇದೂ ಒಂದು.

ಈ ಅಧ್ಯಯನವನ್ನು ಮುಂಬಯಿಯ ಹೊಟೇಲಿಗೆ ಹೋಲಿಸಿ ನೋಡಬಹುದು. ಹದಿನಾರರ ಹರೆಯದಲ್ಲಿ ಊರು ಬಿಟ್ಟು ಬಂದು, ಟೇಬಲ್ ಒರೆಸಿ, ರಾತ್ರಿ ಶಾಲೆಯಲ್ಲಿ ಕಲಿತು, ದಿನಕ್ಕೆ ಹತ್ತಾರು ಸಲ ಮೆಟ್ಟಿಲು ಹತ್ತಿ ಇಳಿದವರು, ಬೆವರಿನ ಫಲವಾಗಿ ಮುಂದೆ ಗಲ್ಲಾದ ಮೇಲೆ ಕುಳಿತರು. ಕುಳಿತ ಬಳಿಕ ಏಳಲಿಲ್ಲ. ಕಂಡಕ್ಟರ್ ಆಗಿದ್ದವರು ಚಾಲಕರಾದರು ಎಂದಂತಾಯಿತು. ಬ್ಯಾಂಕು, ಕಚೇರಿಗಳಲ್ಲಿ ದುಡಿಯುವವರ ಕಥೆಯೂ ಬೇರೆಯಲ್ಲ. ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಲೋಕಲ್‌ನಲ್ಲಿ 48 ಕಿ.ಮೀ. ಹೋಗಿ, ಅಷ್ಟೇ ದೂರ ಹಿಂದಿರುಗುವುದರಲ್ಲೇ ದೇಹ ದಣಿಯುತ್ತದೆ. ದಣಿವು ಬೇರೆ, ವ್ಯಾಯಾಮ ಬೇರೆ. ಬಾಗಿಲಲ್ಲಿ ಜೋತು ನಿಂತವರ ಹೃದಯಕ್ಕೆ ಅದರಿಂದ ಲಾಭವೇನೂ ಇಲ್ಲ.

ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಪ್ರಮಾಣದ ವ್ಯಾಯಾಮ ಮಾಡಬೇಕು, 300 ನಿಮಿಷವಾದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ವಾರದಲ್ಲಿ ಎರಡು ದಿನ ಅರ್ಧ ಗಂಟೆ, ಭಾನುವಾರ ಒಂದೂವರೆ ಗಂಟೆ ಸೈಕಲ್ ತುಳಿದರೆ 150 ನಿಮಿಷ ಮುಗಿಯಿತು.

ದಸರಾದಿಂದ ಸಂಕ್ರಾಂತಿ ತನಕ

ಮಳೆಗಾಲದಲ್ಲಿ ಹೊಂಡಗಳ ನಡುವೆ ಹೊಸಬರನ್ನು ರಸ್ತೆಗಿಳಿಸುವುದು ಬೇಡ. ಏಪ್ರಿಲ್-ಮೇ ತಿಂಗಳ ಸೆಕೆಯೂ ಬೇಡ. ದಸರಾ ಕಳೆದ ಮೊದಲ ಭಾನುವಾರ ಆರಂಭಿಸುವುದು ಉತ್ತಮ. ಯೋಜನೆ ಸರಳ. ವಾರದ ನಡುವೆ ಎರಡು ದಿನ ಅರ್ಧ ಗಂಟೆ ತನ್ನಷ್ಟಕ್ಕೆ, ಭಾನುವಾರ ಸಂಘದ ತಂಡದೊಂದಿಗೆ. ಮೊದಲ ಭಾನುವಾರ 8 ಕಿ.ಮೀ. ಸಾಕು. ನಂತರ 10, ಆ ಬಳಿಕ 12. ನಾಲ್ಕನೇ ವಾರ ಮತ್ತೆ 8ಕ್ಕೆ ಇಳಿಸಬೇಕು. ಈ ಇಳಿಕೆ ಸೋಲಲ್ಲ, ದೇಹ ಗಟ್ಟಿಯಾಗುವುದು ವಿಶ್ರಾಂತಿಯಲ್ಲಿಯೇ. ಐದನೇ ವಾರದಿಂದ 14, 16, 18. ಎಂಟನೇ ವಾರ 12. ಮತ್ತೆ 20, 23, 26. ಹನ್ನೆರಡನೇ ವಾರ 18. ಹದಿಮೂರನೇ ಭಾನುವಾರ 30. ಆ ಹೊತ್ತಿಗೆ ಮಕರ ಸಂಕ್ರಾಂತಿಯ ಎಳ್ಳು-ಬೆಲ್ಲ ಬಂದಿರುತ್ತದೆ.

ಅಲ್ಲಿಂದ ಮುಂದೆ ಒಂದು ವಾರದ ಒಟ್ಟು ದೂರವನ್ನು ಹಿಂದಿನ ವಾರಕ್ಕಿಂತ ಶೇ. 10ಕ್ಕಿಂತ ಹೆಚ್ಚು ಏರಿಸದಿರುವುದು ಅನುಭವಿಗಳು ಪಾಲಿಸುವ ನಿಯಮ. ಹಾಗೆ ಹೋದರೆ ಹೋಳಿಯ ಸುಮಾರಿಗೆ 50 ಕಿ.ಮೀ. ಅಸಾಧ್ಯವೇನಲ್ಲ. ರೈಲು ಲೆಕ್ಕದಲ್ಲಿ ಥಾಣೆಯಿಂದ ಕಲ್ಯಾಣ್‌ಗೆ ಸುಮಾರು 20 ಕಿ.ಮೀ.; ವಾಶಿಯಿಂದ ಪನ್ವೇಲ್‌ಗೂ ಅಷ್ಟೇ. ಅಕ್ಟೋಬರಿನಲ್ಲಿ ಎಂಟು ಕಿ.ಮೀ.ಗೆ ಬಸವಳಿದವರು ಮಾರ್ಚ್‌ನಲ್ಲಿ ವಾಶಿಯಿಂದ ಪನ್ವೇಲ್‌ಗೆ ಹೋಗಿ ಬಂದು, ಇನ್ನೂ ಹತ್ತು ಕಿ.ಮೀ. ತುಳಿಯುವಷ್ಟು ಶಕ್ತರಾಗುತ್ತಾರೆ.

ವೇಗದ ಮಾತು ಬೇಡವೇ ಬೇಡ. ಪಕ್ಕದವರ ಜತೆ ಪೂರ್ತಿ ವಾಕ್ಯದಲ್ಲಿ ಮಾತನಾಡಲು ಸಾಧ್ಯವಾಗುವಷ್ಟು ನಿಧಾನವಾಗಿ ಹೋದರೆ ಅದೇ ಸರಿಯಾದ ವೇಗ. ಮಾತು ತುಂಡಾಗುತ್ತಿದ್ದರೆ ನಿಧಾನಿಸಬೇಕು. ದೂರದ ಸೈಕಲ್ ಸವಾರಿಯಲ್ಲಿ ಜಗತ್ತಿನಾದ್ಯಂತ ಹೆಸರಾದ 'ಬ್ರೆವೆ' ಎಂಬ ಸವಾರಿಗಳಲ್ಲೂ ಸ್ಪರ್ಧೆಯಿಲ್ಲ, ಮೊದಲ ಬಹುಮಾನವಿಲ್ಲ. ಅದರಲ್ಲಿ 200 ಕಿ.ಮೀ.ಗೆ ಹದಿಮೂರೂವರೆ ಗಂಟೆಯ ಕಾಲಾವಕಾಶ. ಅಂದರೆ ಊಟ, ಚಹಾ, ಪಂಕ್ಚರ್ ಎಲ್ಲ ಸೇರಿ ಗಂಟೆಗೆ 15 ಕಿ.ಮೀ.ಗಿಂತಲೂ ಸ್ವಲ್ಪ ಕಡಿಮೆ. ಫ್ರಾನ್ಸಿನಲ್ಲಿ ನಾಲ್ಕು ವರ್ಷಕ್ಕೊಮ್ಮೆ ನಡೆಯುವ, 1891ರಲ್ಲಿ ಆರಂಭವಾದ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಸವಾರಿಯ 1,200 ಕಿ.ಮೀ.ಗೆ 90 ಗಂಟೆ. ಅಲ್ಲಿಗೆ ಹೋಗಿಬಂದ ಭಾರತೀಯರು ಹಲವರಿದ್ದಾರೆ. ಅವರೂ ಒಂದು ದಿನ ಎಂಟು ಹತ್ತು ಕಿ.ಮೀ.ನಿಂದಲೇ ಆರಂಭಿಸಿದವರು.

ಸೀಟು, ಗೇರು, ನೀರು

ಹೊಸಬರು ಬಿಟ್ಟುಹೋಗುವುದು ಹೆಚ್ಚಾಗಿ ಸಣ್ಣ ತಪ್ಪುಗಳಿಂದ. ಮೊದಲನೆಯದು ಸೀಟಿನ ಎತ್ತರ. ನೆಲಕ್ಕೆ ಕಾಲು ಊರಬೇಕೆಂದು ಸೀಟನ್ನು ತಗ್ಗಿಸಿ ಇಡುವವರೇ ಹೆಚ್ಚು. ಮಂಡಿಯ ಮುಂಭಾಗ ನೋಯುವುದಕ್ಕೆ ಇದು ಸಾಮಾನ್ಯ ಕಾರಣ. ಸೀಟಿನ ಮೇಲೆ ಕುಳಿತು ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಪೂರ್ತಿ ಕೆಳಕ್ಕೆ ತಂದಾಗ ಕಾಲು ನೆಟ್ಟಗಾಗಬೇಕು. ಆಗ ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ತುಸುವೇ ಬಾಗಿರುತ್ತದೆ. ಅದೇ ಸರಿಯಾದ ಎತ್ತರ.

ಎರಡನೆಯದು ಗೇರು. ಭಾರದ ಗೇರಿನಲ್ಲಿ ಒತ್ತಿ ಒತ್ತಿ ತುಳಿಯುವುದೇ ಗಂಡಸುತನ ಎಂಬ ತಪ್ಪು ತಿಳಿವಳಿಕೆಯಿದೆ. ಹಗುರ ಗೇರಿನಲ್ಲಿ ನಿಮಿಷಕ್ಕೆ 70ರಿಂದ 90 ಸುತ್ತು ತಿರುಗಿಸಿದರೆ ಮಂಡಿಗೆ ಹೊರೆ ಕಡಿಮೆ, ದಣಿವೂ ತಡ. ಗೇರಿಲ್ಲದ ಸಾದಾ ಸೈಕಲಾದರೂ ಚಿಂತೆಯಿಲ್ಲ, ಸಮತಟ್ಟು ರಸ್ತೆಯಲ್ಲಿ 20 ಕಿ.ಮೀ.ಗೆ ಅದು ಧಾರಾಳ ಸಾಕು. ಬೆಲೆಬಾಳುವ ಸೈಕಲ್ ಕೊಳ್ಳುವ ಅವಸರ ಬೇಡ. ಕಾಲೇಜು ಸೇರಿದ ಮಗ ಬಿಟ್ಟುಹೋದ ಸೈಕಲ್ ಪಾರ್ಕಿಂಗಿನಲ್ಲಿ ಧೂಳು ತಿನ್ನುತ್ತಿದ್ದರೆ ಅದಕ್ಕೆ ಗಾಳಿ ಹಾಕಿಸಿ, ಬ್ರೇಕು ನೋಡಿಸಿದರಾಯಿತು.

ಮೂರನೆಯದು ನೀರು ಮತ್ತು ಆಹಾರ. ಈ ಕಡಲ ತೀರದ ಹವೆಯಲ್ಲಿ ಬಾಯಾರುವ ತನಕ ಕಾಯದೆ ಕಾಲು ಗಂಟೆಗೊಮ್ಮೆ ಗುಟುಕು ನೀರು ಕುಡಿಯುವುದು ಒಳ್ಳೆಯದು. ಒಂದು ಗಂಟೆಯೊಳಗಿನ ಸವಾರಿಗೆ ನೀರೇ ಸಾಕು. ಒಂದೂವರೆ ಗಂಟೆ ಮೀರಿದರೆ ಬಾಳೆಹಣ್ಣು, ಖರ್ಜೂರ, ನೆಲಗಡಲೆ ಚಿಕ್ಕಿ, ಉಪ್ಪು-ಸಕ್ಕರೆ ಬೆರೆಸಿದ ಲಿಂಬೆ ಶರಬತ್ತು ಬೇಕು. ವಡಾಪಾವ್ ಏನಿದ್ದರೂ ಸವಾರಿ ಮುಗಿದ ಮೇಲೆ, ಅದೂ ಒಂದು.

ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು, ರಕ್ತದೊತ್ತಡ ಇರುವವರು, ಹೃದಯದ ಚಿಕಿತ್ಸೆ ಪಡೆದವರು ವೈದ್ಯರನ್ನು ಕೇಳದೆ ಹೊರಡಲೇಬಾರದು. ವ್ಯಾಯಾಮದಿಂದ ಸಕ್ಕರೆ ಅಂಶ ತಟ್ಟನೆ ಕುಸಿಯುವುದುಂಟು, ಕಿಸೆಯಲ್ಲಿ ಗ್ಲೂಕೋಸ್ ಇರಬೇಕು. ಎದೆ ಬಿಗಿಯುವುದು, ದವಡೆ ಅಥವಾ ಎಡತೋಳಿಗೆ ನೋವು ಹರಿಯುವುದು, ತಲೆ ಸುತ್ತುವುದು ಕಂಡರೆ ಅಲ್ಲಿಯೇ ಇಳಿದು ಆಸ್ಪತ್ರೆಗೆ ಹೋಗಬೇಕು. "ಗ್ಯಾಸ್ ಆಗಿರಬೇಕು" ಎಂದು ಸೋಡಾ ಕುಡಿದು ಮುಂದುವರಿಯುವುದು ಅಪಾಯಕಾರಿ.

ರಸ್ತೆ ಯಾವುದು, ಹೊತ್ತು ಯಾವುದು?

ಇಲ್ಲಿ ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕಾದ ಮಾತೊಂದಿದೆ. ಈ ಉಪನಗರಗಳ ರಸ್ತೆಗಳು ಸೈಕಲಿಗಾಗಿ ಹುಟ್ಟಿದವುಗಳಲ್ಲ. ನವಿಮುಂಬಯಿಯ ಪಾಮ್ ಬೀಚ್ ರಸ್ತೆ ವಾಶಿಯಿಂದ ಬೇಲಾಪುರ ತನಕ ಸುಮಾರು 10 ಕಿ.ಮೀ. ಸಮತಟ್ಟಾಗಿ, ಒಂದು ಬದಿಗೆ ಕಾಂಡ್ಲಾ ಕಾಡಿನ ಹಸಿರಿನೊಂದಿಗೆ ಹರಡಿಕೊಂಡಿದೆ. ನೋಡಿದವರಿಗೆಲ್ಲ ಸೈಕಲ್ ತುಳಿಯುವ ಆಸೆ ಹುಟ್ಟುತ್ತದೆ. ಆದರೆ ಅದೇ ರಸ್ತೆಯಲ್ಲಿ 2024ರ ಫೆಬ್ರವರಿ 28ರ ಮುಂಜಾನೆ, ಇಂಟೆಲ್ ಕಂಪೆನಿಯ ಭಾರತ ವಿಭಾಗದ ಮಾಜಿ ಮುಖ್ಯಸ್ಥ ಅವತಾರ್ ಸೈನಿ ಅವರು ಸಂಗಡಿಗರೊಂದಿಗೆ ಸೈಕಲ್ ತುಳಿಯುತ್ತಿದ್ದಾಗ ನೆರೂಲ್ ಬಳಿ ಟ್ಯಾಕ್ಸಿಯೊಂದು ಹಿಂದಿನಿಂದ ಬಂದು ಗುದ್ದಿ ಪ್ರಾಣ ಕಳೆದುಕೊಂಡರು. ಅವರಿಗೆ 68 ವರ್ಷ. ಅವರು ಹೊಸಬರೇನೂ ಆಗಿರಲಿಲ್ಲ. ಸೈಕಲಿನಿಂದ ಆಯುಷ್ಯ ಹೆಚ್ಚುತ್ತದೆ ಎಂದು ಹೇಳುವವರು ಈ ಸಾವನ್ನು ಮರೆಮಾಚಬಾರದು.

ಆದ್ದರಿಂದ ಹೊಸಬರ ಮೊದಲ ಮೂರು ತಿಂಗಳು ಒಳರಸ್ತೆಗಳಲ್ಲೇ ಕಳೆಯಲಿ. ನೆರೂಲ್, ಸೀವುಡ್ಸ್, ಖಾರ್ಘರ್‌ಗಳಲ್ಲಿ ಸೆಕ್ಟರ್‌ಗಳ ನಡುವಿನ ಅಗಲ ರಸ್ತೆಗಳಿವೆ. ಡೊಂಬಿವಲಿ ಪೂರ್ವದಲ್ಲಿ ಎಂಐಡಿಸಿಯ ವಸತಿ ಭಾಗದ ರಸ್ತೆಗಳು ಭಾನುವಾರ ಬೆಳಿಗ್ಗೆ ಖಾಲಿ ಇರುತ್ತವೆ. ಅಲ್ಲಿ ಸುತ್ತು ಹೊಡೆದೇ 15 ಕಿ.ಮೀ. ಮಾಡಬಹುದು. ಕಲ್ಯಾಣ್‌ನವರಿಗೆ ಟಿಟ್ವಾಲಾ ಮಹಾಗಣಪತಿ ಒಳ್ಳೆಯ ಗುರಿ. ಹೋಗಿ ಬಂದರೆ 25 ಕಿ.ಮೀ. ಹತ್ತಿರವಾಗುತ್ತದೆ, ದೇವರ ದರ್ಶನವೂ ಆಗುತ್ತದೆ. ಆದರೆ ಅದು ಹನ್ನೊಂದನೇ ವಾರದ ಮಾತು, ಮೊದಲ ವಾರದ್ದಲ್ಲ. ಥಾಣೆಯಲ್ಲಿ ಉಪವನ ಕೆರೆಯ ಸುತ್ತಲಿನ ರಸ್ತೆಗಳಿಂದ ಆರಂಭಿಸಿ, ಏರು ತುಳಿಯುವ ಶಕ್ತಿ ಬಂದ ಮೇಲೆ ಯೇವೂರ್ ಬೆಟ್ಟದತ್ತ ನೋಡಬಹುದು. ಟ್ರಕ್ಕುಗಳು ಸಾಲುಗಟ್ಟುವ ಘೋಡ್‌ಬಂದರ್ ರಸ್ತೆ, ಕಲ್ಯಾಣ್-ಶಿಳ್ ರಸ್ತೆಗಳಿಂದ ದೂರವಿರುವುದು ಲೇಸು.

ಬೆಳಕು ಹರಿದ ಮೇಲೆಯೇ ಹೊರಡಬೇಕು. ಹೆಲ್ಮೆಟ್, ಹಿಂಬದಿಗೆ ಮಿನುಗುವ ಕೆಂಪು ದೀಪ, ಹೊಳೆಯುವ ಬಣ್ಣದ ಅಂಗಿ ಕಡ್ಡಾಯ. ಕಿವಿಯಲ್ಲಿ ಹಾಡು ಬೇಡ. ಒಬ್ಬರ ಹಿಂದೆ ಒಬ್ಬರು ಸಾಲಾಗಿ ಹೋಗಬೇಕು. ಅತಿ ನಿಧಾನದವರ ಹಿಂದೆ ಅನುಭವಿಯೊಬ್ಬರು ಇರಲೇಬೇಕು. ತಂಡದಲ್ಲಿ ಹೋಗುವುದರ ಲಾಭ ಇದೇ. ಒಂಟಿ ಸೈಕಲ್ ಚಾಲಕರ ಕಣ್ಣಿಗೆ ಬೀಳುವುದಿಲ್ಲ, ಹತ್ತು ಸೈಕಲ್‌ಗಳ ಸಾಲು ಬೀಳುತ್ತದೆ.

ಭಾನುವಾರ ರಜೆ ಇಲ್ಲದವರು, ಸೈಕಲ್ ಬಿಟ್ಟ ಮಹಿಳೆಯರು

ಹೊಟೇಲಿಗರಿಗೆ ಭಾನುವಾರವೇ ಭರ್ಜರಿ ವ್ಯಾಪಾರದ ದಿನ. ಶನಿವಾರ ರಾತ್ರಿ ಒಂದು ಗಂಟೆಗೆ ಶಟರ್ ಎಳೆದವರನ್ನು ಬೆಳಿಗ್ಗೆ ಆರಕ್ಕೆ ಕರೆದರೆ ಯಾರೂ ಬರಲಾರರು. ನಿದ್ದೆಗೆಟ್ಟು ಸೈಕಲ್ ತುಳಿಯುವುದೂ ಸಲ್ಲದು. ಅವರಿಗಾಗಿ ಮಂಗಳವಾರವೋ ಬುಧವಾರವೋ ಎರಡನೇ ತಂಡ ಬೇಕು. ಸಂಘದ ಚಟುವಟಿಕೆಗಳೆಲ್ಲ ಕಚೇರಿಯವರ ಅನುಕೂಲಕ್ಕೆ ನಡೆಯುತ್ತವೆ ಎಂಬ ಹೊಟೇಲಿಗರ ಹಳೆಯ ದೂರಿಗೂ ಇದು ಉತ್ತರವಾದೀತು.

ಮಹಿಳಾ ವಿಭಾಗದ ಬಗ್ಗೆಯೂ ಒಂದು ಮಾತು. 2006-07ರಲ್ಲಿ ಕರ್ನಾಟಕ ಸರಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಆರಂಭಿಸಿತ್ತು. ಅಂದು ಆ ಸೈಕಲಿನಲ್ಲಿ ಗದ್ದೆ ಬದಿಯ ರಸ್ತೆಯಲ್ಲಿ ಹೈಸ್ಕೂಲಿಗೆ ಹೋದ ಹುಡುಗಿಯರಿಗೆ ಈಗ ಮೂವತ್ತು ದಾಟಿದೆ. ಮದುವೆಯಾಗಿ ಡೊಂಬಿವಲಿ, ಕಲ್ಯಾಣ್, ಪನ್ವೇಲ್‌ಗಳಿಗೆ ಬಂದು ನೆಲೆಸಿದವರೂ ಅವರಲ್ಲಿ ಇಲ್ಲದಿಲ್ಲ. ಸೈಕಲ್ ಕಲಿಸಬೇಕಾಗಿಲ್ಲ, ಮರಳಿ ಹತ್ತಿಸಿದರೆ ಸಾಕು. "ಈ ವಯಸ್ಸಿನಲ್ಲಿ ಸೈಕಲಾ?" ಎಂಬ ನೆರೆಮನೆಯ ಪ್ರಶ್ನೆಗೆ ಒಬ್ಬರೇ ಉತ್ತರಿಸುವುದು ಕಷ್ಟ, ಎಂಟು ಮಂದಿ ಒಟ್ಟಾಗಿ ಹೊರಟರೆ ಆ ಪ್ರಶ್ನೆಯೇ ಏಳುವುದಿಲ್ಲ.

ಸಂಘಗಳಿಗೆ ಖರ್ಚು ಎಷ್ಟು?

ಇದಕ್ಕೆ ಸಭಾಗೃಹದ ಬಾಡಿಗೆಯಿಲ್ಲ, ಧ್ವನಿವರ್ಧಕ ಬೇಡ, ಶಾಲು-ಸ್ಮರಣಿಕೆ ಬೇಡ. ಬೇಕಾದುದು ಒಂದು ಗಾಳಿಪಂಪು, ಪಂಕ್ಚರ್ ಸಾಮಗ್ರಿ, ಪ್ರಥಮ ಚಿಕಿತ್ಸಾ ಪೆಟ್ಟಿಗೆ, ಹೆಸರು-ದೂರ-ದಿನಾಂಕ ಬರೆಯುವ ಒಂದು ಪುಸ್ತಕ ಮತ್ತು ಪ್ರತಿ ವಾರವೂ ತಪ್ಪದೆ ಬರುವ ಇಬ್ಬರು ಕಾರ್ಯಕರ್ತರು. ಕೊನೆಯದೇ ಎಲ್ಲಕ್ಕಿಂತ ದುಬಾರಿ. ರ್‍ಯಾಲಿಗೆ ನೂರು ಮಂದಿ ಸ್ವಯಂಸೇವಕರು ಸಿಗುತ್ತಾರೆ, ಹದಿಮೂರು ಭಾನುವಾರಕ್ಕೆ ಇಬ್ಬರು ಸಿಗುವುದು ಕಷ್ಟ. ಆ ಇಬ್ಬರನ್ನು ಹುಡುಕುವುದೇ ಪದಾಧಿಕಾರಿಗಳ ನಿಜವಾದ ಕೆಲಸ. ವೈದ್ಯಕೀಯ ಶಿಬಿರವನ್ನು ಸೆಪ್ಟೆಂಬರಿನಲ್ಲಿ ಒಮ್ಮೆ, ಮಾರ್ಚ್‌ನಲ್ಲಿ ಇನ್ನೊಮ್ಮೆ ನಡೆಸಿದರೆ ಸೈಕಲ್ ತುಳಿದವರ ಸಕ್ಕರೆ, ರಕ್ತದೊತ್ತಡ ಎಷ್ಟು ಬದಲಾಗಿದೆ ಎಂಬುದೂ ಅವರವರ ಕಣ್ಣಿಗೇ ಕಾಣುತ್ತದೆ.

ಇನ್ನೊಂದು ಕೆಲಸವನ್ನು ಸಂಘಗಳು ಒಗ್ಗಟ್ಟಿನಿಂದ ಮಾಡಬಹುದು. 2022ರ ಮಾರ್ಚ್‌ನಲ್ಲಿ ಮುಂಬಯಿ ಪೊಲೀಸರು 'ಸಂಡೇ ಸ್ಟ್ರೀಟ್' ಹೆಸರಿನಲ್ಲಿ ನಗರದ ಕೆಲವು ರಸ್ತೆಗಳನ್ನು ಭಾನುವಾರ ಬೆಳಿಗ್ಗೆ ಕೆಲವು ಗಂಟೆಗಳ ಕಾಲ ವಾಹನಗಳಿಗೆ ಮುಚ್ಚಿ ಜನರಿಗೆ ಬಿಟ್ಟುಕೊಟ್ಟಿದ್ದರು. ಥಾಣೆ, ಕಲ್ಯಾಣ್-ಡೊಂಬಿವಲಿ, ನವಿಮುಂಬಯಿ ಮಹಾನಗರ ಪಾಲಿಕೆಗಳ ವ್ಯಾಪ್ತಿಯಲ್ಲೂ ಒಂದೊಂದು ರಸ್ತೆಗೆ ಎರಡು ಗಂಟೆಯ ಇಂಥ ವ್ಯವಸ್ಥೆ ಬೇಕೆಂದು ಮನವಿ ಸಲ್ಲಿಸುವುದು ಕಷ್ಟವೇನಲ್ಲ. ಮರಾಠಿ, ಗುಜರಾತಿ, ಮಲಯಾಳಿ ಸಂಘಟನೆಗಳನ್ನೂ ಸೇರಿಸಿಕೊಂಡರೆ ಮನವಿಗೆ ಬಲ ಬರುತ್ತದೆ. ಇದು ಕೇವಲ ಕನ್ನಡಿಗರ ಹೃದಯದ ಪ್ರಶ್ನೆಯಲ್ಲವಲ್ಲ.

ಊರಿನಲ್ಲಿ ಗಂಟೆ ಲೆಕ್ಕದ ಬಾಡಿಗೆ ಸೈಕಲ್ ತಂದು, ಸೀಟಿಗೆ ಎಟಕದೆ ದಂಡಿಗೆಯ ಒಳಗಿನಿಂದ ಕಾಲು ತೂರಿಸಿ, ಬಿದ್ದು ಮಂಡಿ ಕೆತ್ತಿಸಿಕೊಂಡು ಕಲಿತ ತಲೆಮಾರು ಇಂದು ಸಂಘಗಳ ವೇದಿಕೆಯಲ್ಲಿ ಕುಳಿತಿದೆ. ಒಂದೇ ದಿನದಲ್ಲಿ ಯಾರೂ ಕಲಿಯಲಿಲ್ಲ, ಹಿಂದೆ ಹಿಡಿದುಕೊಂಡು ಓಡಿದವರೊಬ್ಬರು ಇದ್ದೇ ಇದ್ದರು. ಈಗ ಹಾಗೆ ಹಿಂದೆ ಹಿಡಿದುಕೊಳ್ಳುವ ಸರದಿ ಸಂಘದ್ದು. ಮುಂದಿನ ಮಹಾಸಭೆಯ ಕಾರ್ಯಸೂಚಿಯಲ್ಲಿ "ಅಧ್ಯಕ್ಷರ ಅಪ್ಪಣೆಯ ಮೇರೆಗೆ ಇತರ ವಿಷಯಗಳು" ಎಂಬ ಸಾಲಿಗಿಂತ ಮೊದಲು "ಭಾನುವಾರದ ಸೈಕಲ್ ತಂಡ" ಎಂಬ ಒಂದು ಸಾಲು ಸೇರಲಿ. ದಸರಾ ಕಳೆದ ಭಾನುವಾರ ಬೆಳಿಗ್ಗೆ ಆರೂವರೆಗೆ ಸಂಘದ ಕಚೇರಿಯ ಮುಂದೆ ಐದು ಸೈಕಲ್‌ಗಳು ಬಂದು ನಿಂತರೂ ಸಾಕು. ಎಂಟು ಕಿ.ಮೀ. ಹೋಗಿ ಬರಲಿ. ಮುಂದಿನ ಭಾನುವಾರ ಅದೇ ಐವರು ಮತ್ತೆ ಬರುವಂತೆ ನೋಡಿಕೊಳ್ಳುವುದೇ ದೊಡ್ಡ ಕೆಲಸ.